ಫೋನಿನ ಚಿಪ್ ಸೆಂಟರಿನಲ್ಲಿ ದುಡಿಯುತ್ತಾ?

ಪ್ರಶ್ನೆ: ಸರ್, ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಅರ್ಜಿ, ಹೆಬ್ಬೆಟ್ಟು ಒತ್ತಿಸಿ ಹಣ ಕೊಡುವುದು, ಇದೇ ಕೆಲಸ. ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಎರಡು ಕಂಪ್ಯೂಟರ್ ಬಹಳ ಹೊತ್ತು ನಡೆಯಲ್ಲ. ಫೋನಿನ ಚಿಪ್ ಇರುವ ಕಂಪ್ಯೂಟರ್ ತಗೋ, ಈಗ ದೊಡ್ಡ ಸರ್ವರ್ ಕಂಪ್ಯೂಟರುಗಳಿಗೂ ಅದನ್ನೇ ಹಾಕ್ತಾರೆ ಅಂತಾನೆ ನನ್ನ ಅಳಿಯ. ಅದು ದಿನವಿಡೀ ತಡೆಯುತ್ತಾ?

ಉತ್ತರ: ತಡೆಯುತ್ತದೆ. ಅಳಿಯ ಹೇಳಿದ್ದು ನಿಜ. ಆದರೆ ಆರ್ಮ್ ಅನ್ನುವ ಈ ಜಾತಿಯ ಚಿಪ್ ಹುಟ್ಟಿದ್ದು ಫೋನಿಗಲ್ಲ, ಮೇಜಿನ ಕಂಪ್ಯೂಟರಿಗೇ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದ ಏಕಾರ್ನ್ ಕಂಪನಿಗಾಗಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಇದನ್ನು ರೂಪಿಸಿದರು. 1985ರಲ್ಲಿ ಮೊದಲ ಚಿಪ್ ಬಂತು. ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮೀಟರ್ ಹಚ್ಚಿದರೆ ಸೊನ್ನೆ! ಚಿಪ್ ಮಾತ್ರ ಓಡುತ್ತಲೇ ಇದೆ. ಹುಡುಕಿದರೆ, ಅದಕ್ಕೆ ಕರೆಂಟೇ ಕೊಟ್ಟಿರಲಿಲ್ಲ. ಅಕ್ಕಪಕ್ಕದ ತಂತಿಗಳಿಂದ ಸೋರಿ ಬಂದಷ್ಟರಲ್ಲೇ ಕೆಲಸ ಮಾಡುತ್ತಿತ್ತು. ಇಂಥ ಮಿತಾಹಾರಿಯನ್ನು ಬ್ಯಾಟರಿ ಮೇಲೆ ಬದುಕುವ ಫೋನು ಬಿಡುತ್ತದಾ?

ಈಗಿನ ಲೆಕ್ಕ ನೋಡ್ರಿ. ಆಪಲ್‌ನ ಮ್ಯಾಕ್ ಮಿನಿ ಒಂದು ಪುಟ್ಟ ಡಬ್ಬಿ. ಇಂಟೆಲ್ ಚಿಪ್ಪಿದ್ದ 2018ರ ಡಬ್ಬಿ ಜೋರಾಗಿ ದುಡಿದರೆ 122 ವಾಟ್, ಸುಮ್ನೆ ಕೂತರೆ ಸುಮಾರು 20. ಆರ್ಮ್ ಜಾತಿಯ ಎಂ1 ಚಿಪ್ಪಿನ 2020ರ ಡಬ್ಬಿಗೆ 39 ಮತ್ತು 7. ನಿಮಗೆ ಮುಖ್ಯ ಆ 7. ‘ಸರ್ವರ್ ಬಿಜಿ’ ಅಂತ ಕಾಯುವುದೇ ಸೆಂಟರಿನ ಅರ್ಧ ಕೆಲಸ ಅಲ್ವಾ! ಕರೆಂಟ್ ಕಡಿಮೆಯಾದಂತೆ ಬಿಸಿಯೂ ಕಡಿಮೆ. ನಮ್ಮ ಮೇ ತಿಂಗಳಿನಲ್ಲಿ ಅದು ಸಣ್ಣ ಮಾತಲ್ಲ. ಮಾನಿಟರ್, ಪ್ರಿಂಟರ್ ಮಾತ್ರ ಮೊದಲಿನಷ್ಟೇ ತಿನ್ನುತ್ತವೆ.

ಸರ್ವರ್‌ನವರ ಆಸೆಯೂ ಇದೇ. ಅವರು ಓಡಿಸಲು ಒಮ್ಮೆ, ತಂಪು ಮಾಡಲು ಇನ್ನೊಮ್ಮೆ ಕರೆಂಟಿಗೆ ದುಡ್ಡು ಸುರಿಯಬೇಕು. ಅಮೆಜಾನ್ 2018ರಲ್ಲೇ ಗ್ರಾವಿಟಾನ್ ಅನ್ನುವ ತನ್ನದೇ ಆರ್ಮ್ ಚಿಪ್ ತಂದಿತು.

ಹಾಗಂತ ನಾಳೆಯೇ ಅಂಗಡಿಗೆ ಓಡಬೇಡಿ. ನಿಮ್ಮ ತೊಡಕು ಇರುವುದು ಹೆಬ್ಬೆಟ್ಟಿನ ಮಷೀನಿನಲ್ಲಿ. ಇಂಟೆಲ್‌ಗೆ ಬರೆದ ಮಾಮೂಲಿ ಪ್ರೋಗ್ರಾಮುಗಳನ್ನು ಆರ್ಮ್ ಮೇಲಿನ ವಿಂಡೋಸ್ 11 ತರ್ಜುಮೆ ಮಾಡಿಕೊಂಡು ಓಡಿಸುತ್ತದೆ. ಆದರೆ ಮಷೀನು, ಪ್ರಿಂಟರುಗಳನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ಪ್ರೋಗ್ರಾಮು, ಅಂದರೆ ಡ್ರೈವರ್‌ಗೆ ಆ ಸೌಲಭ್ಯ ಇಲ್ಲ, ಅದನ್ನು ಆರ್ಮ್‌ಗೆಂದೇ ಬರೆದಿರಬೇಕು. ನಾನು ಇದನ್ನು ಕೇಳದೆಯೇ ಒಂದು ಆರ್ಮ್ ಲ್ಯಾಪ್‌ಟಾಪ್ ತಂದೆ. ಮನೆಯ ಹಳೆ ಪ್ರಿಂಟರ್ ಅದರ ಮಾತೇ ಕೇಳಲಿಲ್ಲ. ಈಗಲೂ ಒಂದು ಹಾಳೆ ತೆಗೆಯಬೇಕಾದರೆ ಹಳೆ ಕಂಪ್ಯೂಟರಿನ ಧೂಳು ಒರೆಸುತ್ತೇನೆ.

ಹೆಬ್ಬೆಟ್ಟಿನ ಮಷೀನ್, ಪ್ರಿಂಟರ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಅಲ್ಲೇ ಚುಚ್ಚಿ ನೋಡಿ. ಬೆರಳು ಹಿಡಿದು, ಹಾಳೆ ಹೊರಬಂದ ಮೇಲೆ ದುಡ್ಡು ಎಣಿಸಿ. ಆಗಲೂ ಒಂದೇ ತನ್ನಿ, ಇನ್ನೊಂದು ಹಳೆಯದೇ ಇರಲಿ.