ಚುಕ್ಕಿ ಇಲ್ಲದಿದ್ದರೆ ಹೊಗೆಯೂ ಇಲ್ಲವೇ?

ಜಮಖಂಡಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ಕಬ್ಬು ಕಡಿದ ಮೇಲೆ ನಮ್ಮೂರ ಸುತ್ತ ಸಂಜೆ ಹೊತ್ತು ರವದಿಗೆ (ಹೊಲದಲ್ಲಿ ಉಳಿದ ಕಬ್ಬಿನ ಒಣ ಸೋಗೆಗೆ) ಬೆಂಕಿ ಹಚ್ಚುತ್ತಾರೆ. ದಮ್ಮು ಇರುವ ನಮ್ಮವ್ವ ಅಂಥ ರಾತ್ರಿ ಮಲಗುವುದೇ ಇಲ್ಲ, ಎದ್ದು ಕೂತಿರುತ್ತಾಳೆ. ಪಂಚಾಯಿತಿಯಲ್ಲಿ ಕೇಳಿದರೆ ಸದಸ್ಯರೊಬ್ಬರು ಮೊಬೈಲಿನಲ್ಲಿ ಉಪಗ್ರಹದ ನಕ್ಷೆ ತೆಗೆದು, ‘ನೋಡ್ರಿ, ನಮ್ಮೂರ ಮ್ಯಾಲ ಒಂದೂ ಕೆಂಪು ಚುಕ್ಕಿ ಇಲ್ಲ’ ಅಂದರು. ಇದಕ್ಕೆ ಏನು ಹೇಳಲಿ?”

ಆ ಚುಕ್ಕಿ ಹೊಗೆಯ ಗುರುತಲ್ಲ, ಶಾಖದ ಗುರುತು ಎಂದು ಮೊದಲು ಹೇಳಿ. ಉಪಗ್ರಹಗಳ ಮೇಲಿರುವ ನಾಸಾದ ಮೋಡಿಸ್, ಅದರ ನಂತರ ಬಂದ ವಿಯರ್ಸ್ ಉಪಕರಣಗಳು ನೆಲದಿಂದ ಹೊಮ್ಮುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅಳೆದು, ಸುತ್ತಲಿಗಿಂತ ತೀರ ಬಿಸಿಯಾದ ಜಾಗಕ್ಕೆ ಚುಕ್ಕಿ ಇಡುತ್ತವೆ. ವಿಯರ್ಸ್ ನೋಡುವ ಒಂದು ಚೌಕದ ಬದಿ 375 ಮೀಟರ್, ಅಂದರೆ ಹತ್ತಿರ ಹತ್ತಿರ 35 ಎಕರೆ. ಅಷ್ಟರಲ್ಲಿ ಸಣ್ಣ ತುಂಡು ಉರಿದರೂ ಸಿಕ್ಕೀತು. ಆದರೆ ಉಪಗ್ರಹ ಹಾಯುವ ಹೊತ್ತಿಗೇ ಉರಿಯುತ್ತಿರಬೇಕು. ವಿಯರ್ಸ್ ಹೊತ್ತ ಉಪಗ್ರಹಗಳು ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಸಂಜೆ ಆರಕ್ಕೆ ಹಚ್ಚಿದ ರವದಿ ಅಷ್ಟರಲ್ಲಿ ಬೂದಿಯಾಗಿ ತಣ್ಣಗಾಗಿರುತ್ತದೆ. ನಮ್ಮ ದೇಶದ ಹವಾಮಾನ ಉಪಗ್ರಹ ಇನ್ಸಾಟ್ 36,000 ಕಿ.ಮೀ. ಎತ್ತರದಿಂದ ಅರ್ಧ ತಾಸಿಗೊಮ್ಮೆ ನೋಡುತ್ತದೆ ನಿಜ, ಆದರೆ ಶಾಖ ಅಳೆಯುವಾಗ ಅದರ ಚೌಕ 4 ಕಿ.ಮೀ. ಅಗಲದ್ದು. ಒಬ್ಬ ರೈತನ ಹೊಲ ಅದರಲ್ಲಿ ಕಾಣೆಯಾಗುತ್ತದೆ.

ಹೊಗೆಯನ್ನು ಅಳೆಯುವ ಬಗೆಯೇ ಬೇರೆ. ಗಾಳಿಯಲ್ಲಿ ತೇಲುವ ಕಣಗಳು ಬಿಸಿಲನ್ನು ಎಷ್ಟು ಚದುರಿಸಿದವು, ಎಷ್ಟು ಹೀರಿದವು ಎಂಬುದರಿಂದ ಲೆಕ್ಕ ಹಾಕುತ್ತಾರೆ. ದೊಡ್ಡ ಕಾಡ್ಗಿಚ್ಚಿಗೆ ಇದು ಅದ್ಭುತವಾದ ಸಾಧನ: 2023ರಲ್ಲಿ ಕೆನಡಾದ ಕಾಡುಗಳ ಹೊಗೆ ಅಟ್ಲಾಂಟಿಕ್ ದಾಟಿ ಯುರೋಪ್ ಮುಟ್ಟಿದ್ದನ್ನು ಜಗತ್ತು ಕಂಡದ್ದು ಉಪಗ್ರಹಗಳ ಕಣ್ಣಿನಿಂದಲೇ. ಆದರೆ ಆ ಅಳತೆ ನೆಲದಿಂದ ಬಾನಿನವರೆಗಿನ ಇಡೀ ಗಾಳಿಯ ಮೊತ್ತ. ಅದರಲ್ಲಿ ನಮ್ಮ ಮೂಗಿನ ಮಟ್ಟದ್ದೆಷ್ಟು, ಮೈಲಿ ಎತ್ತರದ್ದೆಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಬಿಸಿಲು ಬೇಕಾದ್ದರಿಂದ ರಾತ್ರಿ ಆ ಅಳತೆಯೇ ಇಲ್ಲ.

ನಿಮ್ಮ ಊರಿನ ಕಷ್ಟವಿರುವುದೇ ರಾತ್ರಿಯಲ್ಲಿ. ಚಳಿಗಾಲದಲ್ಲಿ ಹೊತ್ತು ಮುಳುಗಿದೊಡನೆ ನೆಲ ತಣಿಯುತ್ತದೆ, ನೆಲಕ್ಕಂಟಿದ ಗಾಳಿಯೂ ತಣಿಯುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಮಧ್ಯಾಹ್ನ ಹಚ್ಚಿದ್ದರೆ ಮೇಲೇರಿ ಚದುರುತ್ತಿದ್ದ ಹೊಗೆ ಸಂಜೆ ಹಚ್ಚಿದರೆ ಮನೆಗಳ ನಡುವೆಯೇ ನಿಲ್ಲುತ್ತದೆ. ಮಾರನೆಯ ಮಧ್ಯಾಹ್ನ ಉಪಗ್ರಹ ಬರುವಷ್ಟರಲ್ಲಿ ಬಿಸಿಲಿಗೆ ಗಾಳಿ ಕಲಸಿ ತಿಳಿಯಾಗಿರುತ್ತದೆ. ಆ ನಕ್ಷೆಯನ್ನು ತೋರಿಸಿ ನಿಮ್ಮ ತಾಯಿಯ ಸಂಕಟವನ್ನು ತಳ್ಳಿಹಾಕುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಬೇಕಾಗಿರುವುದು ನೆಲದ ಮೇಲಿನ ಅಳತೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದೆಂಬುದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 15 ದಾಟಬಾರದು ಎನ್ನುತ್ತದೆ. ಊರ ಶಾಲೆಯಲ್ಲಿ ಒಂದು ಸಾದಾ ಕಣಮಾಪಕ ಇಡಿಸಲು ಗ್ರಾಮಸಭೆಯಲ್ಲಿ ಕೇಳಿ. ಮಂಜು ಬಿದ್ದ ಬೆಳಗ್ಗೆ ಅದು ಹೆಚ್ಚು ತೋರಿಸುತ್ತದೆ, ಅದನ್ನು ಗಮನದಲ್ಲಿಡಿ. ಯಾವ ದಿಕ್ಕಿನ ಹೊಲ, ಎಷ್ಟು ಗಂಟೆಗೆ ಹಚ್ಚಿದರು, ಅವ್ವನಿಗೆ ಯಾವಾಗ ದಮ್ಮು ಏರಿತು, ಇಷ್ಟನ್ನೂ ಬರೆದಿಡಿ. ಸುಟ್ಟ ಹೊಲದ ಕರಿ ಗುರುತು ಕೆಲವು ದಿನ ಉಳಿಯುತ್ತದೆ; 10 ಮೀಟರ್‌ವರೆಗೆ ಬಿಡಿಸಿ ನೋಡುವ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಯಾರಿಗೂ ಉಚಿತ, ನಿಮ್ಮ ಬರಹಕ್ಕೆ ಅವು ಸಾಕ್ಷಿಯಾಗುತ್ತವೆ.

ರೈತರನ್ನು ಬೈಯಬೇಡಿ. ಆಳು ಸಿಗದೆ, ಕೂಳೆ ಬೆಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ಹೊಲ ಬೇಗ ಸಜ್ಜಾಗಲೆಂದು ಸುಡುತ್ತಾರೆ. ರವದಿ ಪುಡಿ ಮಾಡುವ ಯಂತ್ರ ಊರಿಗೆ ಬಾಡಿಗೆಗೆ ಸಿಗುವಂತೆ ಮಾಡಿ ಎಂದು ಕಾರ್ಖಾನೆಯವರನ್ನೂ ಕೃಷಿ ಇಲಾಖೆಯನ್ನೂ ಅದೇ ಸಭೆಯಲ್ಲಿ ಕೇಳಿ.