ಓದುಗರ ಪ್ರಶ್ನೆ: ಸಾಕ್ಷ್ಯ ಯಾವುದು, ಸಿನಿಮಾ ಯಾವುದು?

ಪ್ರಶ್ನೆ: ಕೊಲೆ ಆರೋಪದಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದು ಖುಲಾಸೆಯಾದವರೊಬ್ಬರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಘಟನೆ ನಡೆದ ರಾತ್ರಿಯನ್ನು ನಟರಿಂದ ಮಾಡಿಸಿ, ಖುಲಾಸೆಯಾದವರ ಮಾತಿಗೆ ಹಿನ್ನೆಲೆ ಸಂಗೀತ ಹಾಕಬೇಕೆಂದಿದ್ದೇವೆ. ಸರಿಯೇ?
— ಬಸವನಗುಡಿಯ ಓದುಗರು

ಉತ್ತರ: ನಟರಿಂದ ಮಾಡಿಸಿ, ಅಡ್ಡಿಯಿಲ್ಲ. ಆದರೆ ‘ನಡೆದದ್ದೇ ಹೀಗೆ’ ಎಂದು ತೋರಿಸಬೇಡಿ, ‘ಇಂಥ ಸಾಕ್ಷಿ ಹೀಗೆ ಹೇಳಿದರು’ ಎಂದು ತೋರಿಸಿ. ಅಮೆರಿಕದ ನಿರ್ದೇಶಕ ಎರೋಲ್ ಮಾರಿಸ್ ಅವರ ಸಾಕ್ಷ್ಯಚಿತ್ರ ‘ದ ಥಿನ್ ಬ್ಲೂ ಲೈನ್’ (1988) ನೋಡಿ. ಟೆಕ್ಸಾಸ್‌ನಲ್ಲಿ ಪೊಲೀಸ್ ಅಧಿಕಾರಿಯ ಕೊಲೆಗಾಗಿ ಶಿಕ್ಷೆಗೊಳಗಾಗಿದ್ದ ರ‍್ಯಾಂಡಲ್ ಆಡಮ್ಸ್, ಚಿತ್ರ ಬಂದ ಮರುವರ್ಷ ಬಿಡುಗಡೆಯಾದರು. ಗುಂಡು ಹಾರುವ ದೃಶ್ಯ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ, ಬೇರೆ ಬೇರೆ ಹೇಳಿಕೆಗೆ ತಕ್ಕಂತೆ ಬದಲಾಗುತ್ತಾ. ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದು ನೋಡುವವರಿಗೇ ಗೊತ್ತಾಗುತ್ತದೆ. ನಿಮ್ಮ ಕೈಯಲ್ಲಿ ಒಂದೇ ಹೇಳಿಕೆ ಇದ್ದರೆ ಆ ದೃಶ್ಯವನ್ನೇ ಬಿಡಿ. ಇಟ್ಟರೆ ನಟರ ಮುಖ ಬೇಡ. ಯಾರ ಹೇಳಿಕೆ, ಯಾವ ದಿನಾಂಕದ್ದು ಎಂಬ ಬರಹ ದೃಶ್ಯ ಮುಗಿಯುವವರೆಗೂ ತೆರೆಯ ಮೇಲಿರಲಿ.

ಆ ಚಿತ್ರದಲ್ಲಿ ಸಂಗೀತ ಧಾರಾಳವಾಗಿದೆ, ನಿಜ. ಆದರೂ ಖುಲಾಸೆಯಾದವರು ಮಾತಾಡುವಾಗ ಸಂಗೀತ ಬೇಡವೆಂದೇ ನಮ್ಮ ಸಲಹೆ. ಅದು ಬಂದ ಕೂಡಲೇ ಏನನ್ನು ನಂಬಬೇಕೆಂದು ನೀವೇ ಹೇಳಿಕೊಟ್ಟಂತಾಗುತ್ತದೆ. ಆ ದುಡ್ಡನ್ನು ಒಳ್ಳೆಯ ಕಾಲರ್ ಮೈಕ್‌ಗೆ ಹಾಕಿ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, 48 ಕಿಲೋಹರ್ಟ್ಸ್, 24 ಬಿಟ್ ಎಂಬ ಧ್ವನಿ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿ. ಫ್ಯಾನು, ಫ್ರಿಜ್ಜು ಆರಿಸಿ. ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತು ಕೋಣೆಯ ಸದ್ದನ್ನು 30 ಸೆಕೆಂಡ್ ಹಿಡಿದಿಟ್ಟುಕೊಳ್ಳಿ. ಎಡಿಟಿಂಗ್‌ನಲ್ಲಿ ಕತ್ತರಿಸಿದ ಜಾಗ ತುಂಬಲು ಅದೇ ಬೇಕು. ಗದ್ದಲ ತೆಗೆಯುವ ಫಿಲ್ಟರನ್ನು ಜೋರಾಗಿ ಹಾಕಿದರೆ ಉಸಿರು, ತಡವರಿಕೆ ಎಲ್ಲ ಅಳಿಸಿಹೋಗುತ್ತವೆ. ಉತ್ತರಕ್ಕೆ ಮೊದಲಿನ ಮೌನವನ್ನು ಕತ್ತರಿಸುವುದಂತೂ ಸಾಕ್ಷ್ಯ ತಿದ್ದಿದ ಹಾಗೆಯೇ.

ಬಂಧನದ ಹಳೆಯ ಟಿವಿ ತುಣುಕು ಸಿಕ್ಕರೆ ಹುಷಾರು. ಕಪ್ಪು ಮುಸುಕಿನ ಮನುಷ್ಯನನ್ನು ನಿಧಾನ ಚಲನೆಯಲ್ಲಿ ತೋರಿಸಿದರೆ ಅವರನ್ನು ಇನ್ನೊಮ್ಮೆ ಅಪರಾಧಿಯಾಗಿಸುತ್ತೀರಿ. ಮಾಮೂಲಿ ವೇಗದಲ್ಲೇ ಇರಲಿ, ಪ್ರಸಾರದ ದಿನಾಂಕ ಹಾಕಿ. ಹಳೆಯ ಟಿವಿಯ 4:3 ಅಳತೆಯ ಚಿತ್ರವನ್ನು ಈಗಿನ ಅಗಲ ತೆರೆಯ 16:9ಕ್ಕೆ ಎಳೆಯಬೇಡಿ, ಮುಖ ಅಗಲವಾಗಿ ವಿಕಾರವಾಗುತ್ತದೆ. ತೀರ್ಪಿನ ಪುಟವನ್ನು ಪೂರ್ತಿ ತೋರಿಸಿ, ಆಮೇಲೆ ಬೇಕಾದ ಸಾಲಿಗೆ ಹೋಗಿ. ಆ ಸಾಲನ್ನು ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ನಿಲ್ಲಿಸಿ.

ಪ್ರಶ್ನೆ: ಸಾಕ್ಷಿಯೊಬ್ಬರಿಗೆ ಮುಖ ತೋರಿಸಲು ಭಯ. ಬ್ಲರ್ ಮಾಡಿದರೆ ಸಾಕೇ?
— ಯಶವಂತಪುರದ ಓದುಗರು

ಉತ್ತರ: ಸಾಲದು. ತೆಳುವಾಗಿ ಬ್ಲರ್ ಮಾಡಿದರೆ ಪರಿಚಯದವರು ಕೂದಲು, ಭುಜ, ಕೈ ನೋಡಿಯೇ ಗುರುತು ಹಿಡಿಯುತ್ತಾರೆ. ಬ್ಲರ್ ಮಾಡದ ಮೂಲ ಕಡತವೂ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಉಳಿದಿರುತ್ತದೆ. ಚಿತ್ರೀಕರಣದಲ್ಲೇ ಮುಖ ಬಾರದಂತೆ ನೋಡಿಕೊಳ್ಳಿ: ಕ್ಯಾಮೆರಾ ಬೆನ್ನ ಹಿಂದಿರಲಿ, ಇಲ್ಲವೇ ಎದುರಿಗಿನ ಖಾಲಿ ಕುರ್ಚಿಯನ್ನಷ್ಟೇ ತೋರಿಸಿ. ದನಿಯ ಪಿಚ್ (ಸ್ಥಾಯಿ) ಬದಲಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಬಹುದು. ಬೇರೆಯವರಿಂದ ಅದೇ ಮಾತನ್ನು ಓದಿಸಿ, ಹಾಗೆಂದು ತೆರೆಯ ಮೇಲೆ ಬರೆಯಿರಿ. ಮೊಬೈಲ್‌ನಲ್ಲಿ ತೆಗೆದಿದ್ದರೆ ಕಡತದೊಳಗೆ ಸ್ಥಳದ ಮಾಹಿತಿಯೂ ಇರಬಹುದು. ಎಡಿಟರ್‌ಗೆ ಕಳಿಸುವ ಮೊದಲೇ ಅಳಿಸಿ.