ಬೆಣೆ ಲಿಪಿ: ಬೆಣೆ ಎಲ್ಲಿಯದು, ಲಿಪಿ ಎಲ್ಲಿಯದು?

ಪ್ರಶ್ನೆ: ಮಗಳ ಇತಿಹಾಸ ಪುಸ್ತಕದಲ್ಲಿ ಮೆಸೊಪೊಟೇಮಿಯಾದ ಬರಹವನ್ನು ‘ಕ್ಯೂನಿಫಾರ್ಮ್’ ಎಂದು ಕರೆದಿದ್ದಾರೆ. ನಾನು ‘ಬೆಣೆ ಲಿಪಿ’ ಎಂದು ಓದಿದ ನೆನಪು. ಹಿಂದಿಯಲ್ಲಿ ‘ಕೀಲಾಕ್ಷರ’ ಅಂತಾರೆ. ಎಲ್ಲಾ ಒಂದೇನಾ? ಈ ಹೆಸರು ಬಂದದ್ದು ಹೇಗೆ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಮೂರೂ ಒಂದೇ. ಲ್ಯಾಟಿನ್‌ನಲ್ಲಿ ‘ಕುನೆಉಸ್’ ಅಂದರೆ ಬೆಣೆ, ‘ಫೋರ್ಮಾ’ ಅಂದರೆ ಆಕಾರ. ಗುದ್ದಲಿಯ ಕಾವು ಸಡಿಲವಾದಾಗ ಸಂದಿಗೆ ಒಂದು ಮರದ ಚೂರು ಹೊಡೆಯುತ್ತೇವಲ್ಲ, ಒಂದು ತುದಿ ದಪ್ಪ, ಇನ್ನೊಂದು ತೆಳು, ಅದೇ ಬೆಣೆ. ಸಂಸ್ಕೃತದ ‘ಕೀಲ’ಕ್ಕೂ ಬೆಣೆ, ಗೂಟ ಎಂಬ ಅರ್ಥಗಳಿವೆ. ಹಿಂದಿಯ ‘ಕೀಲ್’ ಈಗ ಮೊಳೆ. ಅರಬ್ಬಿಯಲ್ಲೂ ಇದನ್ನು ‘ಮಿಸ್ಮಾರಿ’, ಅಂದರೆ ಮೊಳೆ ಬರಹ ಎನ್ನುತ್ತಾರೆ. ಉದ್ದ ಬಾಲದ ಗುರುತುಗಳನ್ನು ನೋಡಿದರೆ ಮೊಳೆ ಅಂದದ್ದೂ ತಪ್ಪಲ್ಲ.

ಆಕಾರ ಯಾಕೆ ಹೀಗೆ ಅನ್ನುವುದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ಉಂಡೆ ಚಪಾತಿ ಹಿಟ್ಟು ತಗೊಳ್ಳಿ. ಮಗಳ ಮರದ ಸ್ಕೇಲಿನ ಮೂಲೆಯಿಂದ ಅದರ ಮೇಲೆ ಗೆರೆ ಎಳೆಯಿರಿ. ಹಿಟ್ಟು ಅಂಚಿನಲ್ಲಿ ಮುದ್ದೆಯಾಗುತ್ತೆ, ಗೆರೆ ಸೊಟ್ಟ ಬರುತ್ತೆ. ಈಗ ಎಳೆಯದೆ, ಮೂಲೆಯನ್ನು ಓರೆಯಾಗಿ ಸುಮ್ನೆ ಒತ್ತಿ ತೆಗೆಯಿರಿ. ತ್ರಿಕೋನದ ತಲೆ, ಹಿಂದೆ ಒಂದು ಬಾಲ! ಇಂದಿನ ದಕ್ಷಿಣ ಇರಾಕಿನ ಉರುಕ್ ಊರಿನಲ್ಲಿ ಕ್ರಿ.ಪೂ. 3200ರ ಸುಮಾರಿಗೆ ಬಾರ್ಲಿ, ಬಿಯರಿನ ಲೆಕ್ಕ ಬರೆಯುತ್ತಿದ್ದವರು ಮೊದಮೊದಲು ಒದ್ದೆ ಜೇಡಿಮಣ್ಣಿನ ಮೇಲೆ ಚಿತ್ರಗಳನ್ನು ಗೀಚುತ್ತಿದ್ದರು. ಆಮೇಲೆ ಜೊಂಡಿನ ಕಡ್ಡಿಯಿಂದ ಒತ್ತುವುದೇ ಸಲೀಸಾಯಿತು. ಚಿತ್ರ ಹೋಗಿ ಬೆಣೆ ಉಳಿಯಿತು.

ಒಂದು ವಿಷಯ ಮಗಳಿಗೆ ಹೇಳಿ: ಇದು ಭಾಷೆಯ ಹೆಸರಲ್ಲ. ಸುಮೇರಿಯನ್, ಅಕ್ಕಾಡಿಯನ್, ಹಿಟ್ಟೈಟ್ ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳನ್ನು ಇದರಲ್ಲಿ ಬರೆದರು. ನಮ್ಮಲ್ಲಿ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುವುದಿಲ್ವಾ, ಹಾಗೆ.

ಇನ್ನು ಹೆಸರಿಟ್ಟವರ ಕಥೆ. ಆಕ್ಸ್‌ಫರ್ಡಿನಲ್ಲಿ ಅರಬ್ಬಿ ಪ್ರಾಧ್ಯಾಪಕರಾಗಿದ್ದ ಥಾಮಸ್ ಹೈಡ್ 1700ರಲ್ಲಿ ಹಳೆಯ ಪರ್ಷಿಯನ್ನರ ಧರ್ಮದ ಬಗ್ಗೆ ಒಂದು ಲ್ಯಾಟಿನ್ ಪುಸ್ತಕ ತಂದರು. ಇಂದಿನ ಇರಾನಿನಲ್ಲಿರುವ, ಹಳೆಯ ಪರ್ಷಿಯನ್ ದೊರೆಗಳ ರಾಜಧಾನಿ ಪರ್ಸೆಪೊಲಿಸ್‌ನ ಕಲ್ಲುಗಳ ಮೇಲಿದ್ದ ಈ ಗುರುತುಗಳನ್ನು ಅದರಲ್ಲಿ ‘ಕುನೆಯಿಫೋರ್ಮೆಸ್’ ಎಂದು ಕರೆದರು. ತಮಾಷೆ ಏನೆಂದರೆ, ಅದು ಬರಹ ಅಂತ ಅವರು ಒಪ್ಪಲೇ ಇಲ್ಲ! ಒಂದೇ ಗೀಟಿನಿಂದ ಎಷ್ಟು ವಿನ್ಯಾಸ ಮಾಡಬಹುದು ಅಂತ ಕಟ್ಟಡ ಕಟ್ಟಿದವನು ನೋಡಿದ್ದಾನೆ, ಅಷ್ಟೇ ಅಂದರು. ಅವರ ಮಾತು ಬಿದ್ದುಹೋಯಿತು, ಇಟ್ಟ ಹೆಸರು ನಿಂತಿತು. 1802ರಲ್ಲಿ ಗ್ರೋಟೆಫೆಂಡ್ ಎಂಬ ಜರ್ಮನ್ ಶಾಲಾ ಮೇಷ್ಟ್ರು ಅದೇ ಪರ್ಸೆಪೊಲಿಸ್‌ನ ಬರಹದಲ್ಲಿ ಡೇರಿಯಸ್, ಜರ್ಕ್ಸಿಸ್ ದೊರೆಗಳ ಹೆಸರು ಹಿಡಿದರು.

ಹಾಗಂತ ಬೆಣೆ ಬರೀ ಹೊರಗಿನವರ ಕಣ್ಣಿಗೆ ಕಂಡದ್ದಲ್ಲ. ಅಕ್ಕಾಡಿಯನ್ನಿನ ‘ಸಂತಕ್ಕು’ ಪದಕ್ಕೆ ತ್ರಿಕೋನ ಎಂದರ್ಥ. ಬರಹದ ಬೆಣೆಗುರುತಿಗೂ ಅವರು ಅದನ್ನೇ ಬಳಸುತ್ತಿದ್ದರು.

ನೀವು ಕೇಳದ ಒಂದು ಮಾತು ಸೇರಿಸುತ್ತೇನೆ. ಬೆಣೆಗಿಂತ ನನಗೆ ಜಾಸ್ತಿ ಇಷ್ಟ ಅದರ ಪಕ್ಕದ ‘ಲಿಪಿ’. ಸುಮೇರಿಯನ್ನರು ಮಣ್ಣಿನ ಹಲಗೆಗೆ ‘ದುಬ್’ ಎನ್ನುತ್ತಿದ್ದರು. ಅಕ್ಕಾಡಿಯನ್ನಿನಲ್ಲಿ ಅದು ‘ತುಪ್ಪು’, ಇಂದಿನ ನೈಋತ್ಯ ಇರಾನಿನಲ್ಲಿದ್ದ ಎಲಾಮಿನವರ ಬಾಯಲ್ಲಿ ‘ತಿಪ್ಪಿ’, ಹಳೆಯ ಪರ್ಷಿಯನ್ನಿನಲ್ಲಿ ‘ದಿಪಿ’. ಡೇರಿಯಸ್ ತನ್ನ ಬೆಹಿಸ್ತೂನ್ ಶಾಸನಕ್ಕೆ ದಿಪಿ ಎಂದೇ ಹೇಳುತ್ತಾನೆ. ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿರುವ ಅಶೋಕನ ಶಾಸನದಲ್ಲೂ ‘ದಿಪಿ’ ಇದೆ. ಬೇರೆ ಕಡೆ ಅದೇ ‘ಲಿಪಿ’. ನಮ್ಮ ‘ಲಿಪಿ’ ಬಂದದ್ದು ಈ ದಾರಿಯಲ್ಲೇ ಎಂದು ಅನೇಕ ವಿದ್ವಾಂಸರು ಒಪ್ಪುತ್ತಾರೆ.

ನಂಬಿಕೆ ಬರದಿದ್ದರೆ ಬಿಡುವಾದಾಗ ಮಗಳನ್ನು ಕರೆದುಕೊಂಡು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಿ, ನಿಮಗೆ ದೂರವೇನಲ್ಲ. ಅಲ್ಲಿನ ಅಶೋಕನ ಶಾಸನವನ್ನು ಬರೆದವನು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ. ಕೊನೆಗೆ ತನ್ನ ಕಸುಬು ಹೇಳುವ ಒಂದೇ ಪದವನ್ನು ಅವನು ವಾಯವ್ಯದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ: ‘ಲಿಪಿಕರೇಣ’.